ನಳವಿದ್ದ ಜಾಗ

“ಬಂಡೆಮ್ಮಕ್ಕ, ಸ್ವಲ್ಪ ಇಲ್ಲಿ ಬರ್ರಿ. ಇದು ನಿಮ್ಮ ಚರ್ಚಿಂದೇನು ನೋಡ್ರಿ.”

ಮೇಸ್ತ್ರಿ ಖಮರುದ್ದೀನ್ ಗುಂಡಿಯೊಳಗೆ ನಿಂತೇ ಕೈ ಚಾಚಿದ. ಅಂಗೈಯಲ್ಲಿ ಎರೆಮಣ್ಣಿನ ಹೆಂಟೆ, ಅದರ ಅಂಚಿನಲ್ಲಿ ಕಪ್ಪಗಾದ ಲೋಹ. ಬಂಡೆಮ್ಮ ಕಸಬರಿಗೆಯನ್ನು ಗೋಡೆಗೆ ಆನಿಸಿ ಬಂದಳು. ಹೆಂಟೆ ಒಡೆದು ಸೆರಗಿನಿಂದ ಉಜ್ಜಿದಳು. ಅಂಗೈ ಅಗಲದ ಬೆಳ್ಳಿ ತಟ್ಟೆ. ನಡುವೆ ಶಿಲುಬೆ, ಸುತ್ತ ದ್ರಾಕ್ಷಿ ಬಳ್ಳಿ. ಬಳ್ಳಿ ನೋಡಿ ಗುರುತು ಹಿಡಿಯಬೇಕಾಗಿರಲಿಲ್ಲ. ಒಂದು ಕಾಲಕ್ಕೆ ಶನಿವಾರ ಶನಿವಾರ ಅವಳೇ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದ ತಟ್ಟೆ ಅದು.

“ನಮ್ದೇ,” ಅಂದಳು.

ಬ್ರಹ್ಮಪುರದ ಆಚೆ ಇರುವ ಆ ಸಣ್ಣ ಚರ್ಚಿನ ಅಂಗಳ ಅಗೆಯುವ ಕೆಲಸ ಶುರುವಾಗಿ ವಾರವಾಗಿತ್ತು. ಇಲ್ಲೇ ದೀಕ್ಷಾಸ್ನಾನ ಪಡೆದು ದುಬೈ ಸೇರಿದ ಡಾಕ್ಟರೊಬ್ಬರು ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ ಗಾಲ್ಫ್ ಆಡುವ ಜಾಗ ಮಾಡಿಸಿಕೊಡುತ್ತೇನೆ ಅಂದಿದ್ದರು. ಪೂರ್ತಿ ಗಾಲ್ಫ್ ಅಲ್ಲವಂತೆ. ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ಕೊನೆಯ ಆಟ ಮಾತ್ರ. ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಆಡುವ ಪುಣ್ಯಾತ್ಮ ಯಾರು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಚರ್ಚಿಗೆ ಹೊಸ ಛಾವಣಿ ಹಾಕಿಸಿಕೊಟ್ಟವರನ್ನು ಹಾಗೆಲ್ಲ ಕೇಳಲಿಕ್ಕಾಗುತ್ತದೆಯೇ?

ತಕರಾರು ಮಾಡಿದ್ದು ಮಣ್ಣು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೈ ಇಳಿಬಿಟ್ಟರೆ ಮೊಣಕೈ ಮುಳುಗುವಂಥ ಬಿರುಕು. ಅದರ ಮೇಲೆ ಹಾಸಿದ ಹುಲ್ಲು ಒಂದೇ ವರ್ಷದಲ್ಲಿ ಸೊಟ್ಟಗಾಗುತ್ತದೆಂದು ಖಮರುದ್ದೀನ್ ಖಡಾಖಂಡಿತವಾಗಿ ಹೇಳಿಬಿಟ್ಟ. ಹಾಗಾಗಿ ಸೊಂಟದ ಆಳ ಎರೆ ತೆಗೆದು, ಕಮಲಾಪುರದ ಕಡೆಯಿಂದ ಮುರುಮು, ಅಂದರೆ ಗಟ್ಟಿ ಗರಸು ಮಣ್ಣು, ತಂದು ತುಂಬಿ, ರೋಲರ್ ಹೊಡೆದು, ಕಲ್ಲಿನ ಪುಡಿ ಹರವಿ, ಆಮೇಲೆ ಹುಲ್ಲು. ಮುರುಮು ತಂದ ಟಿಪ್ಪರ್ ತಿರುಗಿ ಹೋಗುವಾಗ ಎರೆ ತುಂಬಿಕೊಂಡು ಹೋಗುತ್ತಿತ್ತು. ಅಲ್ಲಿನ ಬಾಳೆತೋಟದವರಿಗೆ ಅದು ಬೇಕಿತ್ತು.

ತಟ್ಟೆ ನೋಡಿ ಪಾದ್ರಿಗಳಿಗೆ ಸಂತೋಷವಾಯಿತು. “ಎಷ್ಟು ಹಳೇದು ನೋಡಿ, ದೇವರಿಗೆ ಸ್ತೋತ್ರ,” ಎಂದು ಡಾಕ್ಟರಿಗೆ ಕಳಿಸಲು ಫೋಟೋ ತೆಗೆಸಿದರು. ಮೈಸೂರು ಕಡೆಯ ಚಿಕ್ಕ ವಯಸ್ಸಿನವರು, ಮೊನ್ನೆ ಮೊನ್ನೆ ಬಂದವರು. ಈ ತಟ್ಟೆಗಾಗಿ ಒಬ್ಬ ಮನುಷ್ಯನನ್ನು ಹೊರಗೆ ಹಾಕಿದ್ದು ಅವರಿಗೆ ಹೇಗೆ ಗೊತ್ತಿರಬೇಕು.

ಆ ಮನುಷ್ಯ ಬಂಡೆಮ್ಮನ ಗಂಡ ಮಾಣಿಕಪ್ಪ. ಆಗ ಚರ್ಚಿನ ಚೌಕೀದಾರ, ಬೀರುವಿನ ಕೀಲಿ ಅವನ ಹತ್ತಿರವೇ. ಈಸ್ಟರ್ ದಿನ ಪ್ರಭು ಭೋಜನದ ರೊಟ್ಟಿ ಮುರಿಯಲು ಹೋದರೆ ತಟ್ಟೆ ಇಲ್ಲ. ಸ್ವಲ್ಪ ದಿನ ಗುಸುಗುಸು ನಡೆಯಿತು. ಆಮೇಲೊಂದು ಭಾನುವಾರ ಅವನೇ ಎದ್ದು ನಿಂತು, “ನಾನೇ ತೊಗೊಂಡೀನ್ರಿ. ಮಾರೀನಿ,” ಅಂದ. ಸಭೆ ಅವನನ್ನು ಕ್ಷಮಿಸಿತು, ಕ್ಷಮಿಸಿ ಕೆಲಸದಿಂದ ತೆಗೆಯಿತು. ಅವನು ಕಮಲಾಪುರಕ್ಕೆ, ಅಣ್ಣನ ಬಾಳೆತೋಟಕ್ಕೆ ಹೋದ. ಬಂಡೆಮ್ಮ ಹೋಗಲಿಲ್ಲ. ಅವಳಿಗೆ ಕಸ ಗುಡಿಸುವ ಕೆಲಸವಿತ್ತು, ಚರ್ಚಿನ ಹಿಂದೆ ಒಂದು ಖೋಲಿ ಇತ್ತು. ದೇವರ ತಟ್ಟೆ ಕದ್ದವನ ಜೊತೆ ಬಾಳಲಾರೆ ಅನ್ನುವ ಸಿಟ್ಟೂ ಇತ್ತು. ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಸಿಟ್ಟು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಹೋದ ಜಾಗದಲ್ಲಿ ಬೇರೇನೂ ಬಂದಿರಲಿಲ್ಲ.

“ಎಲ್ಲಿ ಸಿಕ್ತು?” ಎಂದು ಖಮರುದ್ದೀನನನ್ನು ಕೇಳಿದಳು. ಅವನು ಗುಂಡಿಯ ಮೂಲೆ ತೋರಿಸಿದ. ಅಲ್ಲಿ ಈಗ ಏನೂ ಇಲ್ಲ. ಆಗ ಅಲ್ಲಿ ನೀರಿನ ನಳವಿತ್ತು, ನಳದ ಕೆಳಗೆ ಹಾಸುಗಲ್ಲು, ಕಲ್ಲಿನ ಆಚೆ ಬಿರಿದ ನೆಲ. ಚರ್ಚಿನ ಪಾತ್ರೆ ತೊಳೆದು ಆ ಕಲ್ಲಿನ ಅಂಚಿಗೆ ಒಣಗಲು ಇಡುತ್ತಿದ್ದವಳು ಅವಳೇ. ಒಳಗೆ ತರುವಾಗ ಎಣಿಸಿದ್ದಳೋ ಇಲ್ಲವೋ.

ಕಸಬರಿಗೆ ತೆಗೆದುಕೊಂಡು ಉಳಿದ ಕಸ ಗುಡಿಸಿದಳು.

ಮರುದಿನ ಬೆಳಿಗ್ಗೆ ಎರೆ ತುಂಬಿದ ಟಿಪ್ಪರಿನಲ್ಲಿ ಡ್ರೈವರ್ ಮಂಜೂರ್ ಪಕ್ಕ ಕೂತು ಕಮಲಾಪುರಕ್ಕೆ ಹೊರಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದಳು. ತಪ್ಪಾಯಿತು ಅನ್ನಬೇಕು, ಅಷ್ಟೇ. ಅಷ್ಟನ್ನು ಹೇಳಲು ಬಾಯಿ ಬರುತ್ತದೋ ಇಲ್ಲವೋ ಅನ್ನುವುದೇ ಭಯ.

ಮಾಣಿಕಪ್ಪ ತೋಟದಲ್ಲಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ದಿನ ಬಂದು ಬಿದ್ದ ಎರೆಯ ಹೆಂಟೆಗಳನ್ನು ಒಡೆದು ಬಾಳೆಯ ಬುಡಕ್ಕೆ ಹಾಕುತ್ತಿದ್ದ. ಅವಳನ್ನು ನೋಡಿ ಎದ್ದೇಳಲಿಲ್ಲ.

“ಯಾಕ ಬಂದಿ?”

“ತಾಟ ಸಿಕ್ಕದ.”

ಅವನು ಇನ್ನೊಂದು ಹೆಂಟೆ ಎತ್ತಿಕೊಂಡ. “ಎಲ್ಲಿ?”

“ನಳದ ಬಾಜೂಕ. ಕಲ್ಲಿನ ಆಚಿ ಕಡಿ, ಮಣ್ಣಾಗ.”

ಅವನು ಹೆಂಟೆ ಒಡೆದ. “ಅಲ್ಲೇ ಇರಬೇಕು ಅಂದುಕೊಂಡಿದ್ದೆ.”

“ಗೊತ್ತಿತ್ತೇನು ನಿಮಗ?”

“ಗೊತ್ತಿದ್ದಿಲ್ಲ. ಅನುಮಾನ ಇತ್ತು. ಬಿರುಕಿನ್ಯಾಗ ಕೈ ಹಾಕಿ ನೋಡಿದ್ದೆ, ಸಿಗಲಿಲ್ಲ. ಮುಂದ ಮಳಿ ಆಗಿ ಭೂಮಿ ಕೂಡಿಬಿಡ್ತು. ಭೂಮಿ ನುಂಗ್ಯಾದ ಅಂದ್ರ ಯಾರು ನಂಬತಿದ್ರು? ತೊಳದಾಕಿ ನೀ, ಕೀಲಿ ಇಟ್ಟಾವ ನಾ. ಇಬ್ಬರೊಳಗ ಒಬ್ಬರು ಹೋಗಬೇಕಿತ್ತು.”

“ನನಗರ ಹೇಳಬೇಕಿತ್ತು.”

“ನೀ ಕೇಳಿದ್ರ ಹೇಳತಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಅಳು ಬರುತ್ತಿತ್ತೇನೋ. ತಪ್ಪಾಯಿತು ಅನ್ನುವ ಮಾತು ಬಾಯಲ್ಲಿ ಒಣ ರೊಟ್ಟಿಯ ಹಾಗೆ ಕೂತಿತ್ತು, ಹೊರಗೂ ಬರಲಿಲ್ಲ, ಒಳಗೂ ಇಳಿಯಲಿಲ್ಲ.

ಮಧ್ಯಾಹ್ನ ಜೋಪಡಿಯ ನೆರಳಲ್ಲಿ ಅವನು ರೊಟ್ಟಿ ಬಿಚ್ಚಿದ. ಇದ್ದದ್ದು ಒಂದೇ ತಟ್ಟೆ. ರೊಟ್ಟಿ, ಪುಂಡಿಪಲ್ಯ ಹಾಕಿ ಮೊದಲು ಅವಳ ಮುಂದೆ ಇಟ್ಟ. ಅವಳು ಉಂಡ ಮೇಲೆ ಅದರಲ್ಲೇ ತಾನು ಉಂಡ.

“ಅಲ್ಲೀಗ ಏನ ಮಾಡಾಕತ್ತಾರ?”

“ಪ್ಲಾಸ್ಟಿಕ್ ಹುಲ್ಲು ಹಾಕ್ತಾರ. ಇನ್ನ ಮ್ಯಾಲ ಭೂಮಿ ಬಿರಿಯೂದಿಲ್ಲಂತ.”

“ಚಲೋ ಆತು,” ಎಂದು ಕೈ ತೊಳೆದು, ಸಲಿಕೆ ತೆಗೆದುಕೊಂಡು ಬಾಳೆಯ ಸಾಲಿಗೆ ಹೋದ.

ಬಂಡೆಮ್ಮ ತಟ್ಟೆಯನ್ನು ಪಂಪಿನ ನೀರಿಗೆ ಹಿಡಿದು ತಿಕ್ಕಿ ತೊಳೆದಳು. ಪಕ್ಕದಲ್ಲೇ ಕಲ್ಲಿತ್ತು, ಮೇಲೆ ಒಳ್ಳೆಯ ಬಿಸಿಲಿತ್ತು. ರಸ್ತೆಯಿಂದ ಮಂಜೂರ್ ಹಾರ್ನ್ ಹೊಡೆದ, ಸ್ವಲ್ಪ ಬಿಟ್ಟು ಮತ್ತೊಮ್ಮೆ ಹೊಡೆದ. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ಒಣಗುವ ತನಕ ಅಲ್ಲೇ ಕೂತಳು.