ತಂತಿಯಾಚೆಯ ಏಳು

ಮಾರ್ಟಿನಾ ಮೂರನೆಯ ಹಿಡಿ ಮಣ್ಣು ಸಮಾಧಿಯ ಗುಂಡಿಗೆ ಹಾಕುವಷ್ಟರಲ್ಲಿ ಧರ್ಮಪಾಲ ಪಕ್ಕಕ್ಕೆ ಬಂದು ನಿಂತ. ಅಲ್ ಐನ್ ಆಚೆಯ ಮರುಭೂಮಿಯಲ್ಲಿ, ಒರಿಕ್ಸ್ ಎಂಬ ಬಿಳಿ ಹುಲ್ಲೆಗಳ ರಕ್ಷಣಾಧಾಮದಲ್ಲಿ ಅವಳ ಗಂಡ ಇಗ್ನೇಶಿಯಸ್‌ನ ಜೊತೆ ನೀರಿನ ಟ್ಯಾಂಕರ್ ಓಡಿಸಿದವನು ಅವನು.

“ಬಾಯಮ್ಮ, ಹೊತ್ತಲ್ಲದ ಹೊತ್ತು, ಗೊತ್ತುಂಟು. ಹೊಸ ರೋಡಿನವರು ಬೇಲಿ ಕಿತ್ತಲ್ಲಿಂದ ಏಳು ಹೊರಗೆ ಹೋಗಿವೆ. ದಿಬ್ಬದಾಚೆ ಬೇಟೆಯವರ ಗಾಡಿಯ ಗುರುತೂ ಉಂಟು. ಕತ್ತಲಾದ್ರೆ ಖಲಾಸ್. ನೀವು ಬಂದು ಕರೀಬೇಕು.”

“ನೀವೇ ಕರೀರಿ.”

“ಕರೆದೆ. ನನ್ನ ಸ್ವರ ಕೇಳಿ ಮತ್ತೂ ಓಡಿದವು ಮಾರಾಯ್ರೆ. ಆ ಕರೆ ನಿಮ್ಮದಂತೆ, ನಿಮ್ಮ ಯಜಮಾನರೇ ಹೇಳಿದ್ದು.”

ನಾದಿನಿ ವೆಲಿಟಾ ಹಿಂದಿನಿಂದ ಸಿಡುಕಿದಳು: “ಸತ್ತವನಿಗೂ ರಜೆ ಇಲ್ಲವಾ ನಿಮ್ಮಲ್ಲಿ?”

“ಅವರು ರಜೆ ಕೇಳಿದ್ದೇ ಇಲ್ಲ ಅಕ್ಕ,” ಎಂದ ಧರ್ಮಪಾಲ.

*

ಕೆಲಸಕ್ಕೆ ಸೇರಿದ ವರ್ಷ ಇಗ್ನೇಶಿಯಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದ: “ನಿನ್ನಮ್ಮ ದನಗಳನ್ನು ಕೂಗಿ ಕರೆಯುತ್ತಿದ್ದದ್ದು ಹೇಗೆ?” ಬಂಗುಡೆ ತೊಳೆಯುತ್ತಿದ್ದ ಮಾರ್ಟಿನಾ ನಗುತ್ತಲೇ ಕರೆದು ತೋರಿಸಿದ್ದಳು: “ಯೇ ಬಾಯೆ, ಯೇ…”

ಕಾಡುಪ್ರಾಣಿಯನ್ನು ಸ್ವರಕ್ಕೆ ಪಳಗಿಸಬಾರದೆಂದು ಧಾಮದ ನಿಯಮ. ಆದರೆ ದನ ಸಾಕಿದ ಮನೆಯಲ್ಲಿ ಹುಟ್ಟಿದವನಿಗೆ, ಕರೆಯದೆ ನೀರಿಡುವುದೆಂದರೆ ನೆಂಟರನ್ನು ಮಾತಾಡಿಸದೆ ಬಡಿಸಿದ ಹಾಗೆ. ಕತ್ತಿಯಂಥ ಕೊಂಬಿನ ಆ ಬಿಳಿ ಜೀವಗಳು ಅವನ ಕರೆಗೆ ಸಾಲಾಗಿ ಬರುತ್ತಿದ್ದವು. ಯಾರೋ ಅದನ್ನು ಕದ್ದು ಕಲಿತರು. ಬೇಲಿಯ ಬಳಿ ನಿಂತು ಹಾಗೆಯೇ ಕರೆದು, ನಂಬಿ ಬಂದ ಬಸುರಿಯೊಂದನ್ನು ಗುಂಡಿಟ್ಟು ಕೊಂದರು.

“ಕೊಂದದ್ದು ನಾನೇ, ಮಾರ್ಟಿನಾ,” ಎಂದ ಇಗ್ನೇಶಿಯಸ್.

ಇನ್ನು ಕರೆಯುವುದಿಲ್ಲವೆಂದು ಇಗರ್ಜಿಯಲ್ಲಿ ಮಾತೆ ಮರಿಯಳ ಮುಂದೆ ಆಣೆಯಿಟ್ಟ, ಹೆಂಡತಿಯಿಂದಲೂ ಇಡಿಸಿದ. ಆಮೇಲಿನ ಆರು ವರ್ಷ ಬಾಯಿ ಹೊಲಿದವನಂತೆ ನೀರು ತುಂಬಿದ. ಮೊನ್ನೆ ಮಧ್ಯಾಹ್ನ ಬೇಲಿಗೆ ಒರಗಿ ಕೂತವನು ಏಳಲಿಲ್ಲ.

*

ಹೊತ್ತು ಇಳಿಯುತ್ತಿತ್ತು. ಕಿತ್ತ ಬೇಲಿಯ ಬಾಯಲ್ಲಿ ಮಾರ್ಟಿನಾ ಚಪ್ಪಲಿ ಕಳಚಿ ನಿಂತಳು. ಶಿಲುಬೆಯ ಗುರುತು ಮಾಡಿಕೊಂಡಳು. “ಆಣೆ ಮುರಿದ ಪಾಪ ನನಗಿರಲಿ, ದೇವರೇ. ಅವರನ್ನು ಕೇಳಬೇಡ.”

“ಯೇ ಬಾಯೆ, ಯೇ…”

ಗಾಳಿ ನಿಂತಿತು. ದೂರದ ರಸ್ತೆಯ ಯಂತ್ರದ ಸದ್ದೂ ಕೇಳದಾಯಿತು. ದಿಬ್ಬದ ನೆತ್ತಿಯಲ್ಲಿ ಒಂದು ಬಿಳಿ ತಲೆ ಎದ್ದಿತು, ಮತ್ತೊಂದು, ಆಮೇಲೆ ಏಳೂ. ಇಳಿದು ಬಂದವು. ಅವಳ ಕಡೆ ಒಂದೂ ನೋಡಲಿಲ್ಲ. ಅವುಗಳ ಕಿವಿಗಳೆಲ್ಲ ಅವಳಿಂದ ಹತ್ತು ಹೆಜ್ಜೆ ಬಲಕ್ಕೆ, ಏನೂ ಇಲ್ಲದ ಮರಳಿನತ್ತ ನೆಟ್ಟಿದ್ದವು. ಅಲ್ಲಿಗೆ ಬಂದು ಒಂದೊಂದಾಗಿ ಕತ್ತು ತಗ್ಗಿಸಿ, ಹೊರಳಿ, ಬೇಲಿಯೊಳಗೆ ನಡೆದವು.

ಧರ್ಮಪಾಲ ತಂತಿ ಎಳೆದು ಕಟ್ಟಿದ. “ಬಾಯಮ್ಮ,” ಎಂದ. ಅವಳ ಚಪ್ಪಲಿ ತಂದು ಮುಂದಿಟ್ಟ.

ಮಾರ್ಟಿನಾ ನೆಲ ನೋಡುತ್ತಿದ್ದಳು. ನಾಲ್ಕರ ಗೊರಸಿನ ಗುರುತು ಎಡಕ್ಕೆ, ಮೂರರದು ಬಲಕ್ಕೆ. ನಡುವೆ, ಅವುಗಳ ಜೊತೆ ಒಬ್ಬ ಮನುಷ್ಯ ನಡೆಯುವಷ್ಟು ಅಗಲದಲ್ಲಿ, ಗಾಳಿ ಬರೆದ ಗೆರೆಗಳು ಒಂದೂ ಅಳಿಯದೆ ದಿಬ್ಬದವರೆಗೆ ಹೋಗಿದ್ದವು.