ಶಾಹೀನಳ ಹೆಸರಿನ ಮೇಲ್

ನಾನು ಜಗಳಗಂಟಿ, ಒಪ್ಪಿಕೊಳ್ಳುತ್ತೇನೆ. ವಸಂತನರಸಾಪುರದ ನಮ್ಮ ಫ್ಯಾಕ್ಟರಿ ಆಫೀಸಿನಲ್ಲಿ ಯಾರಾದರೂ ಹಿಂದೆಮುಂದೆ ನೋಡದೆ ಮೇಲ್ ತೆರೆದರೆ ಅವರ ಗ್ರಹಚಾರ ಬಿಡಿಸುತ್ತೇನೆ. ಹೊರಗಿನಿಂದ ಫೈಲ್ ಸಮೇತ ಬಂದ ಮೇಲ್ ಆದರೆ ನಾನು ತೆರೆಯುವುದೇ ಇಲ್ಲ. ಯಾರ ಹೆಸರಿದೆ ಎಂದೂ ನೋಡುವುದಿಲ್ಲ, ಹೆಸರು ಕಳ್ಳರಿಗೂ ಸಿಗುತ್ತದೆ. ಡಿಲೀಟ್ ಮಾಡಿ ಕೈ ತೊಳೆದುಕೊಳ್ಳುತ್ತೇನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರು ವರ್ಷದ ಹಿಂದೆ ಪಕ್ಕದ ಸೀಟಿನಲ್ಲಿ ಶಾಹೀನ್ ಇದ್ದಳು. ನನಗೆಂದೇ ಅವಳ ಅಮ್ಮ ಬದನೆಕಾಯಿ ಪಲ್ಯ ಬೇರೆ ಡಬ್ಬಿಯಲ್ಲಿ ಕಳಿಸುತ್ತಿದ್ದರು. ಒಂದು ದಿನ ಬಿಲ್ಲು ಎಂದು ಬಂದ ಮೇಲನ್ನು ಅವಳು ತೆರೆದಳು. ಆಫೀಸಿನ ಕಂಪ್ಯೂಟರುಗಳೆಲ್ಲ ಲಾಕ್ ಆದವು. ಮ್ಯಾನೇಜರ್ ಕೂಗಾಡುತ್ತಿದ್ದಾಗ ನಾನೂ ಎಲ್ಲರೆದುರು, "ನೋಡ್ಬಿಟ್ ತೆಗೀಬಾರ್ದೇನೆ, ಕಣ್ಣಿಲ್ವಾ ನಿಂಗೆ?" ಅಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮಾರನೆಯ ದಿನದಿಂದ ಅವಳು ಬರಲಿಲ್ಲ. ನಂಬರನ್ನೂ ಬದಲಾಯಿಸಿದಳು.

ಅವಳಿಲ್ಲದೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಹೋಗಿ ತಪ್ಪಾಯಿತು ಅನ್ನಲು ಮುಖವಿರಲಿಲ್ಲ. ಅವಳೇ ಒಂದು ಮಾತು ಕಳಿಸಲಿ ಎಂದು ಮೂರು ವರ್ಷ ಕಾದೆ.

ಕಳೆದ ಶುಕ್ರವಾರ ಅವಳ ವಿಳಾಸದಿಂದ ಮೇಲ್ ಬಂತು. 'ಉಮಾ, ತುಂಬಾ ಕಷ್ಟದಲ್ಲಿದ್ದೇನೆ. ಸಹಾಯ ಮಾಡುವೆಯಾ?' ಕೆಳಗೊಂದು ಲಿಂಕ್. ಮೋಸದ ಮೇಲ್ ಹೀಗೇ ಇರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಲಿಂಕ್ ಒತ್ತಲಿಲ್ಲ. ಡಿಲೀಟ್ ಮಾಡಲೂ ಕೈ ಬರಲಿಲ್ಲ. ದೇವರೇ, ಇದು ಅವಳದೇ ಆಗಿರಲಿ ಎಂದುಕೊಂಡೆ. ಅನುಮಾನ ಬಂದರೆ ಕಳಿಸಿದವರನ್ನೇ ನೇರವಾಗಿ ವಿಚಾರಿಸಬೇಕು, ಅದೇ ಪದ್ಧತಿ. ಭಾನುವಾರ ಅವಳ ಊರು ಗುಬ್ಬಿಗೆ ಬಸ್ಸು ಹತ್ತಿದೆ.

ಅವರ ಬಳೆ ಅಂಗಡಿಯಲ್ಲಿ ಅವಳ ತಂದೆ ಹಬೀಬ್ ಸಾಬ್ ಕೂತಿದ್ದರು. "ಉಮಾ ಅಲ್ವೇನಮ್ಮಾ? ಒಳ್ಳೆ ಟೈಮಿಗೆ ಬಂದೆ. ಮಗಳನ್ನ ಕುಣಿಗಲ್‌ಗೆ ಕೊಟ್ಟಿದೀವಿ, ನಿನ್ನೆ ತಾನೇ ಬಂದವ್ಳೆ," ಎಂದು ಹಿಂದಿನ ಮನೆಗೆ ಕಳಿಸಿದರು.

ಶಾಹೀನ್ ಸೊಂಟದಲ್ಲಿ ಮಗು ಎತ್ತಿಕೊಂಡು ಬಂದಳು. ಆ ಮೇಲ್ ತೆರೆದು ಫೋನು ಚಾಚಿದೆ. ಅವಳು ಓದಿದಳು.

"ಇದ್ ನಾನ್ ಬರ್ದಿದ್ದಲ್ಲ ಕಣೇ. ಯಾರೋ ನನ್ ಅಕೌಂಟ್ ಹ್ಯಾಕ್ ಮಾಡವ್ರೆ."

ಹಾಗಾದರೆ ಅವಳು ನನ್ನನ್ನು ಕರೆದೇ ಇರಲಿಲ್ಲ. ಇಬ್ಬರೂ ಕೂತು ಪಾಸ್‌ವರ್ಡ್ ಬದಲಾಯಿಸಿದೆವು. ನನ್ನ ನಾಲಿಗೆ ಸುಮ್ಮನಿದ್ದೀತೇ?

"ಮದ್ವೆ ಆಗಿ ಮಗುನೂ ಆಗೈತೆ. ನಂಗೊಂದ್ ಮಾತ್ ಹೇಳ್ಬಾರ್ದಿತ್ತಾ?" ಎಂದು ಸಿಡುಕಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಹೇಳಿದ್ನಲ್ಲೇ. ನಿನ್ ಆಫೀಸ್ ಮೇಲ್‌ಗೆ ಎರಡ್ ಸಲ ಕಾರ್ಡ್ ಕಳಿಸ್ದೆ. ಕೋಪ ಎಲ್ಲಾ ಹೋಯ್ತು, ನೀನ್ ಬರ್ಲೇಬೇಕು ಅಂತ ಬರ್ದಿದ್ದೆ. ನಿಕಾ ದಿನ ಸಂಜೆವರ್ಗೂ ಬಾಗ್ಲು ನೋಡ್ತಾನೇ ಇದ್ದೆ."

"ಡಿಲೀಟ್ ಮಾಡ್ಬಿಟ್ಟೆ ಕಣೇ," ಎಂದೆ. "ಫೈಲ್ ಇತ್ತಲ್ಲ, ಹೆಸ್ರೂ ನೋಡ್ದೆ ಕಳ್ರು ಕಳ್ಸಿದ್ದು ಅಂದ್ಕೊಂಡು."

"ನಾನ್ ಕರ್ದಾಗ ಬರ್ಲಿಲ್ಲ, ಕಳ್ಳ ಕರ್ದಿದ್ದಕ್ಕೆ ಓಡ್ ಬಂದೆ. ಏನ್ ಹೆಂಗಸೇ ನೀನು!" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಹಿಡ್ಕೋ, ಐಮನ್ ಅಂತ," ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು.

ಮಗು ನನ್ನ ಮುಖ ನೋಡಿ ಕಿಟಾರನೆ ಕಿರುಚಿಕೊಂಡು ಅಮ್ಮನತ್ತ ಕೈಚಾಚಿತು.