ಅರಿಶಿನ ಬೇಯಿಸುವ ಸರದಿ

ಹರವೆ ಕಡೆ ನಮ್ಮ ಅತ್ತೆಯ ಊರಿನಲ್ಲಿ ಅರಿಶಿನ ಬೇಯಿಸುವ ಯಂತ್ರ ಒಂದೇ ಇದೆ. ಅದರ ಸರದಿ ಪಟ್ಟಿಗೆ ಪ್ರೋಗ್ರಾಮ್ ಬರೆದುಕೊಟ್ಟವಳು ನಾನು, ಚಾಮರಾಜನಗರದಲ್ಲಿ ಕಂಪ್ಯೂಟರ್ ಓದುವವಳು. ನೋಟ್‌ಬುಕ್ಕಿನಲ್ಲಿದ್ದ ನಲವತ್ಮೂರು ಜನರ ಹೆಸರು, ದಿನಾಂಕಗಳನ್ನು ಟೈಪ್ ಮಾಡಿ ಫೈಲಿಗೆ ಸೇವ್ ಮಾಡಿದ್ದೆ. ವಾರ ಬಿಟ್ಟು ತೆರೆದರೆ ನಲವತ್ತೆರಡೇ ಇದ್ದವು.

ಹೋದದ್ದು ಪುಟ್ಟಮಲ್ಲಪ್ಪನವರದು. ಅವರು ಅರಿಶಿನ ಕಿತ್ತು ಐದು ದಿನವಾಗಿತ್ತು. ಇನ್ನೆರಡು ದಿನದಲ್ಲಿ ಬೇಯಿಸದಿದ್ದರೆ ಕೊಳೆಯುತ್ತದೆ.

"ನಾಳಿದ್ದು ನನ್ ಸರದಿ ಇತ್ತು ಕಣಮ್ಮಿ. ಈಗ ಪಟ್ಟೀಲಿರೋ ಪುಟ್ಟಮಲ್ಲಪ್ಪ ಸೋಮಶೇಖರನ ಭಾವ. ನಾನೆಲ್ಲೋದೆ?"

ಸೋಮಶೇಖರಣ್ಣ ಯಂತ್ರ ನಡೆಸುವವನು. ಲ್ಯಾಪ್‌ಟಾಪ್ ಅವನ ಮನೆಯಲ್ಲೇ ಇರುತ್ತಿತ್ತು. ಹೊಲದ ದಾರಿಯ ಜಗಳವಾದಾಗಿನಿಂದ ಅವನಿಗೂ ಪುಟ್ಟಮಲ್ಲಪ್ಪನವರಿಗೂ ಮಾತಿಲ್ಲ.

"ತೆಗ್ದಾಕ್ಬುಟ್ಟವ್ನೆ," ಎಂದರು ಪುಟ್ಟಮಲ್ಲಪ್ಪ.

ನನಗೂ ಹಾಗೇ ಅನಿಸಿತು. ಅವರ ವಿವರವನ್ನು ಮತ್ತೆ ಸೇರಿಸಿ, ಸೇವ್ ಮಾಡಿ, ಲ್ಯಾಪ್‌ಟಾಪನ್ನು ಅತ್ತೆಯ ಮನೆಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ತೆರೆದು ನೋಡಿದರೆ ಪುಟ್ಟಮಲ್ಲಪ್ಪನವರು ಇದ್ದರು, ಸೋಮಶೇಖರಣ್ಣನ ಭಾವ ಇರಲಿಲ್ಲ. ಎಣಿಕೆ ಮತ್ತೆ ನಲವತ್ತೆರಡು.

ಬೀರುವಿನೊಳಗೆ ಯಾರೂ ಕೈಹಾಕಿರಲಿಲ್ಲ. ತಪ್ಪು ನನ್ನದೇ. ಪ್ರತಿಯೊಬ್ಬರ ವಿವರವನ್ನೂ ಅವರವರ ಹೆಸರಿನ ಕೆಳಗೆ ಇಡುವಂತೆ ಬರೆದಿದ್ದೆ. ಅದೇ ಹೆಸರು ಎರಡನೇ ಸಲ ಬಂದರೆ ಮೊದಲಿನ ವಿವರ ಅಳಿಸಿಹೋಗುತ್ತದೆ. ಆ ಇಬ್ಬರೂ ದಾಯಾದಿಗಳು, ಇಬ್ಬರಿಗೂ ಒಬ್ಬನೇ ತಾತನ ಹೆಸರು. ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ, ಅಳಿಸಿಹೋದ ವಿವರವನ್ನು ಮತ್ತೆ ಸೇರಿಸಿ, ಸೇವ್ ಮಾಡಿ ತೆರೆದೆ. ನಲವತ್ಮೂರೂ ಬಂದವು.

ಯಂತ್ರದ ಹತ್ತಿರ ಹೋಗಿ ಸೋಮಶೇಖರಣ್ಣನಿಗೂ ಪುಟ್ಟಮಲ್ಲಪ್ಪನವರಿಗೂ ಇದನ್ನು ಹೇಳಿದೆ.

"ಅಂಗಾದ್ರೆ ಮೊದ್ಲು ನಾನೇ ಯಾಕ್ ಅಳ್ಸೋದೆ? ಅವ್ನ ಭಾವ ಯಾಕ್ ಉಳ್ಕಂಡ?" ಎಂದರು ಪುಟ್ಟಮಲ್ಲಪ್ಪ.

"ನೋಟ್‌ಬುಕ್ಕಲ್ಲಿ ಅವರ ಹೆಸರು ನಿಮ್ಮ ಹೆಸರಿಗಿಂತ ಕೆಳಗಿತ್ತು."

"ನೋಟ್‌ಬುಕ್ ಬರ್ದೋರ್ಯಾರು?"

ಬರೆದವನು ಸೋಮಶೇಖರಣ್ಣ.

"ನಿನ್ ಹೆಸ್ರು ಮೇಲ್ಬರುದ್ರೂ ತಪ್ಪೇನ್ಲಾ?" ಎಂದ ಸೋಮಶೇಖರಣ್ಣ. "ನಾಳೆ ನಿಂದೇ. ಓಗು, ಸೌದೆ ನೋಡ್ಕೊ."

ಪುಟ್ಟಮಲ್ಲಪ್ಪ ಹೋದರು. ಗಂಟೆಯೊಳಗೆ ಟ್ರ್ಯಾಕ್ಟರಿನಲ್ಲಿ ಅರಿಶಿನವನ್ನೆಲ್ಲ ತಂದು, ಬೇಯಿಸಲು ತಂದಿಟ್ಟಿದ್ದ ಬೇರೆಯವರ ಮೂಟೆಗಳ ಪಕ್ಕದಲ್ಲೇ ಇಳಿಸಿದರು.

"ನಾಳೆ ಅಂದ್ನಲ್ಲ," ಎಂದ ಸೋಮಶೇಖರಣ್ಣ.

"ಕೇಳುಸ್ತು," ಎಂದು ಪುಟ್ಟಮಲ್ಲಪ್ಪ ತಮ್ಮ ಮೂಟೆಯ ಮೇಲೆ ಕೂತರು.